ಅರ್ನೆಸ್ಟ್ ಹೆನ್ರಿ ಸ್ಟಾರ್ಲಿಂಗ್

ಅರ್ನೆಸ್ಟ್ ಹೆನ್ರಿ ಸ್ಟಾರ್ಲಿಂಗ್ (17 ಏಪ್ರಿಲ್ 1866 – 2 ಮೇ 1927) ಇಂಗ್ಲೆಂಡಿನ ಹೆಸರಾಂತ ಅಂಗಕ್ರಿಯಾ ವಿಜ್ಞಾನಿ. ದೇಹದ ಅಂಗಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದು ನರಗಳ ಆಜ್ಞೆಯಿಂದ ಮಾತ್ರವಲ್ಲ, ರಕ್ತದಲ್ಲಿ ಹರಿದುಬರುವ ರಾಸಾಯನಿಕ ಸಂದೇಶಗಳಿಂದಲೂ ಹೌದು ಎಂಬುದನ್ನು ನಿಸ್ಸಂದೇಹವಾಗಿ ತೋರಿಸಿಕೊಟ್ಟವರಲ್ಲಿ ಇವರು ಪ್ರಮುಖರು. 1902ರಲ್ಲಿ ವಿಲಿಯಂ ಬೇಲಿಸ್ ಅವರೊಡನೆ ಸೆಕ್ರೆಟಿನ್ ಎಂಬ ವಸ್ತುವನ್ನು ಕಂಡುಹಿಡಿದರು. 1905ರಲ್ಲಿ ಇಂತಹ ವಸ್ತುಗಳಿಗೆ ಹಾರ್ಮೋನು ಎಂಬ ಹೆಸರನ್ನು ಮೊದಲ ಬಾರಿಗೆ ಬಳಸಿದರು. ಲೋಮನಾಳಗಳ ಗೋಡೆಯ ಮೂಲಕ ದ್ರವ ಹೊರಬೀಳುವ ಮತ್ತು ಮರಳಿ ಸೇರುವ ಬಗೆಯನ್ನು ವಿವರಿಸಿದ್ದು, ಹೃದಯ ತನ್ನ ದುಡಿಮೆಯನ್ನು ತಾನೇ ಹೊಂದಿಸಿಕೊಳ್ಳುವ ನಿಯಮವನ್ನು ನಿರೂಪಿಸಿದ್ದು ಇವರ ಇತರ ಮುಖ್ಯ ಕೊಡುಗೆಗಳು.

ಜನನ ಮತ್ತು ಮನೆತನ

ಸ್ಟಾರ್ಲಿಂಗ್ ಜನಿಸಿದ್ದು ಲಂಡನ್ನಿನಲ್ಲಿ. ತಂದೆ ಮ್ಯಾಥ್ಯೂ ಹೆನ್ರಿ ಸ್ಟಾರ್ಲಿಂಗ್ ವೃತ್ತಿಯಿಂದ ವಕೀಲರು. ಅಂದಿನ ಬೊಂಬಾಯಿಯಲ್ಲಿ ಸರ್ಕಾರಿ ನ್ಯಾಯಾಂಗ ಹುದ್ದೆಯಲ್ಲಿದ್ದರು. ಭಾರತದ ಅಪರಾಧ ಕಾನೂನನ್ನು ಕುರಿತು ಅವರು ಬರೆದ ಗ್ರಂಥ ಆ ಕಾಲದ ವಕೀಲರಿಗೆ ಪರಿಚಿತವಾಗಿತ್ತು. ಉದ್ಯೋಗದ ನಿಮಿತ್ತ ತಂದೆ ಹೆಚ್ಚು ಕಾಲ ಭಾರತದಲ್ಲಿಯೇ ಇರಬೇಕಾಗಿದ್ದುದರಿಂದ ಮಕ್ಕಳ ಪಾಲನೆ, ವಿದ್ಯಾಭ್ಯಾಸಗಳ ಹೊಣೆ ಲಂಡನ್ನಿನಲ್ಲಿದ್ದ ತಾಯಿಯ ಮೇಲೆ ಬಿದ್ದಿತು. ಮನೆಯಲ್ಲಿ ಶ್ರೀಮಂತಿಕೆ ಇರಲಿಲ್ಲ. ವಿಜ್ಞಾನವನ್ನು ಹವ್ಯಾಸವಾಗಿ ಬೆಳೆಸಿಕೊಳ್ಳಬಲ್ಲ ಅನುಕೂಲಸ್ಥರ ನಡುವೆ, ಸಂಬಳವನ್ನು ನೆಚ್ಚಿಕೊಂಡು ಮೇಲೆ ಬಂದವರು ಸ್ಟಾರ್ಲಿಂಗ್.

ವಿದ್ಯಾಭ್ಯಾಸ

ಕಿಂಗ್ಸ್ ಕಾಲೇಜ್ ಶಾಲೆಯಲ್ಲಿ ಓದಿದ ಬಳಿಕ 1882ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು. ಅಲ್ಲಿ ಅವರದು ಪ್ರತಿಭಾವಂತ ವಿದ್ಯಾರ್ಥಿಯೆಂಬ ಹೆಸರು. ಆ ಕಾಲದಲ್ಲಿ ಅಂಗಕ್ರಿಯಾ ವಿಜ್ಞಾನದ ನೆಲೆವೀಡು ಜರ್ಮನಿ. 1885ರಲ್ಲಿ ಹೈಡೆಲ್‌ಬರ್ಗ್‌ಗೆ ಹೋಗಿ ವಿಲ್ಹೆಲ್ಮ್ ಕ್ಯೂನ ಅವರ ಪ್ರಯೋಗಶಾಲೆಯಲ್ಲಿ ಕೆಲವು ಕಾಲ ಕೆಲಸ ಮಾಡಿದರು. ರೋಗಿಯ ಹಾಸಿಗೆಯ ಬಳಿ ವೈದ್ಯನಿಗೆ ಎದುರಾಗುವ ಪ್ರಶ್ನೆಗಳಿಗೆ ಉತ್ತರ ಪ್ರಯೋಗಶಾಲೆಯಲ್ಲಿ ಸಿಗಬೇಕು ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದು ಈ ದಿನಗಳಲ್ಲಿಯೇ. ಗೈಸ್‌ನಲ್ಲಿ ಅವರನ್ನು ಸಂಶೋಧನೆಯ ಕಡೆಗೆ ಸೆಳೆದವರು ಲಿಯೊನಾರ್ಡ್ ವುಲ್‌ಡ್ರಿಜ್ ಎಂಬ ತರುಣ ವಿಜ್ಞಾನಿ. ವುಲ್‌ಡ್ರಿಜ್ 1889ರಲ್ಲಿ ಅಕಾಲಮರಣಕ್ಕೀಡಾದರು. ಅವರ ಪತ್ನಿ ಫ್ಲಾರೆನ್ಸ್ ಅವರನ್ನು ಸ್ಟಾರ್ಲಿಂಗ್ 1891ರಲ್ಲಿ ವಿವಾಹವಾದರು. ಫ್ಲಾರೆನ್ಸ್ ಪ್ರಖ್ಯಾತ ವೈದ್ಯ ಸರ್ ಎಡ್ವರ್ಡ್ ಸೀವ್ಕಿಂಗ್ ಅವರ ಮಗಳು. ಈ ದಂಪತಿಗೆ ನಾಲ್ವರು ಮಕ್ಕಳು.

ಬೇಲಿಸ್ ಅವರ ಒಡನಾಟ

ಸುಮಾರು 1890ರಲ್ಲಿ ಸ್ಟಾರ್ಲಿಂಗ್ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಎಡ್ವರ್ಡ್ ಶೇಫರ್ ಅವರ ಪ್ರಯೋಗಶಾಲೆಗೆ ಬರತೊಡಗಿದರು. ಅಲ್ಲಿ ವಿಲಿಯಂ ಮ್ಯಾಡಾಕ್ ಬೇಲಿಸ್ ಅವರ ಪರಿಚಯವಾಯಿತು. ಇಬ್ಬರ ಸ್ವಭಾವಗಳಲ್ಲಿ ಅಜಗಜಾಂತರ. ಸ್ಟಾರ್ಲಿಂಗ್ ಆತುರದ, ಬಿಚ್ಚುನುಡಿಯ, ಮಹತ್ತ್ವಾಕಾಂಕ್ಷೆಯ ಮನುಷ್ಯ. ಬೇಲಿಸ್ ಸಿರಿವಂತರ ಮನೆಯಲ್ಲಿ ಹುಟ್ಟಿದ, ಮಿತಭಾಷಿಯಾದ, ಯಾವುದನ್ನೂ ಅಳೆದು ತೂಗಿ ನೋಡುವ ವಿದ್ವಾಂಸರು. ಒಬ್ಬರ ವೇಗಕ್ಕೆ ಇನ್ನೊಬ್ಬರ ತಾಳ್ಮೆ ಒದಗಿಬಂದಿತು. 1893ರಲ್ಲಿ ಬೇಲಿಸ್ ಸ್ಟಾರ್ಲಿಂಗ್ ಅವರ ತಂಗಿ ಗರ್ಟ್ರೂಡ್ ಅವರ ಕೈಹಿಡಿದರು. ಹೀಗೆ ಸಹೋದ್ಯೋಗಿಗಳು ಭಾವಮೈದುನರಾದರು. 1899ರಲ್ಲಿ ಶೇಫರ್ ಎಡಿನ್‌ಬರೋಗೆ ತೆರಳಿದಾಗ ತೆರವಾದ ಜೋಡ್ರೆಲ್ ಪ್ರಾಧ್ಯಾಪಕ ಪೀಠಕ್ಕೆ ಸ್ಟಾರ್ಲಿಂಗ್ ನೇಮಕಗೊಂಡರು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು. ಅದೇ ವರ್ಷ ಈ ಇಬ್ಬರೂ ಸಣ್ಣಕರುಳಿನ ಅಲೆಯಂತಹ ಚಲನೆಯನ್ನು ಕುರಿತು ಪ್ರಕಟಿಸಿದ ಸಂಶೋಧನೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ: ಆಹಾರ ನಿಂತ ಜಾಗದ ಹಿಂದಿನ ಕರುಳು ಬಿಗಿಯುತ್ತದೆ, ಮುಂದಿನದು ಸಡಿಲಗೊಳ್ಳುತ್ತದೆ, ಹೀಗೆ ಆಹಾರ ಮುಂದಕ್ಕೆ ಸಾಗುತ್ತದೆ. ಈ ಕೆಲಸವನ್ನು ನಿರ್ವಹಿಸುವುದು ಕರುಳಿನ ಗೋಡೆಯೊಳಗೇ ಇರುವ ನರಜಾಲ ಎಂದು ಅವರು ತೋರಿಸಿದರು.

ಲೋಮನಾಳಗಳ ಅಧ್ಯಯನ

1892ರಲ್ಲಿ ಸ್ಟಾರ್ಲಿಂಗ್ ಬ್ರೆಸ್ಲಾವ್ ನಗರದಲ್ಲಿ ರುಡಾಲ್ಫ್ ಹೈಡೆನ್‌ಹೈನ್ ಅವರೊಡನೆ ದುಗ್ಧರಸದ ಬಗ್ಗೆ ಕೆಲಸ ಮಾಡಿದರು. ಲೋಮನಾಳದ ಗೋಡೆಯ ಕೋಶಗಳೇ ದುಗ್ಧರಸವನ್ನು ಸ್ರವಿಸುತ್ತವೆ ಎಂಬುದು ಹೈಡೆನ್‌ಹೈನ್ ಅವರ ಅಭಿಪ್ರಾಯ. ಸ್ಟಾರ್ಲಿಂಗ್ ಇದನ್ನು ಒಪ್ಪಲಿಲ್ಲ. ಲಂಡನ್ನಿಗೆ ಮರಳಿ ನಡೆಸಿದ ಪ್ರಯೋಗಗಳಿಂದ ಅವರು 1896ರಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟರು. ರಕ್ತದ ಒತ್ತಡ ದ್ರವವನ್ನು ಲೋಮನಾಳದಿಂದ ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿ ಉಳಿಯುವ ಪ್ರೋಟೀನುಗಳ ಅಭಿಸರಣ ಒತ್ತಡ ಅದನ್ನು ಒಳಕ್ಕೆ ಸೆಳೆಯುತ್ತದೆ. ಈ ಎರಡರ ಸಮತೋಲದಿಂದಲೇ ಊತಕಗಳಲ್ಲಿ ದ್ರವದ ಪ್ರಮಾಣ ನಿರ್ಧಾರವಾಗುತ್ತದೆ. ಹೃದಯ ಸೋತವರ ಕಾಲು ಏಕೆ ಊದಿಕೊಳ್ಳುತ್ತದೆ, ಪ್ರೋಟೀನಿನ ಕೊರತೆಯಿರುವ ಮಗುವಿನ ಮೈ ಏಕೆ ಬಾತುಕೊಳ್ಳುತ್ತದೆ ಎಂಬುದನ್ನು ವೈದ್ಯರು ಇಂದಿಗೂ ಈ ತತ್ತ್ವದ ಆಧಾರದಿಂದಲೇ ವಿವರಿಸಲು ತೊಡಗುತ್ತಾರೆ.

ನರಗಳ ಏಕಾಧಿಪತ್ಯದ ಕಾಲ

ಸೆಕ್ರೆಟಿನ್ ಶೋಧದ ಮಹತ್ತ್ವ ತಿಳಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಅಂತ್ಯದ ತಿಳಿವಳಿಕೆಯನ್ನು ಗಮನಿಸಬೇಕು. ಬೆರಳಿಗೆ ಬಿಸಿ ತಾಗಿದೊಡನೆ ಕೈ ಹಿಂದಕ್ಕೆ ಬರುತ್ತದೆ. ಸುದ್ದಿ ಒಂದು ನರದ ಮೂಲಕ ಮಿದುಳುಬಳ್ಳಿಗೆ ಹೋಗಿ, ಆಜ್ಞೆ ಇನ್ನೊಂದು ನರದ ಮೂಲಕ ಸ್ನಾಯುವಿಗೆ ಬರುವುದರಿಂದ ಹೀಗಾಗುತ್ತದೆ. ಇಂತಹ ಪ್ರತಿವರ್ತನೆಗಳ ಅಧ್ಯಯನ ಎಷ್ಟು ಯಶಸ್ವಿಯಾಗಿತ್ತೆಂದರೆ, ಒಂದು ಅಂಗದ ಸುದ್ದಿ ಇನ್ನೊಂದು ಅಂಗಕ್ಕೆ ತಲುಪುವ ಸಂದರ್ಭಗಳಲ್ಲೆಲ್ಲ ನರವೇ ಕಾರಣವಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಿದ್ದರು. ರಷ್ಯದ ಇವಾನ್ ಪಾವ್ಲೊವ್ ಜೀರ್ಣಾಂಗಗಳ ಮೇಲೆ ನಡೆಸಿದ ಕೌಶಲಪೂರ್ಣ ಪ್ರಯೋಗಗಳು ಈ ಭಾವನೆಗೆ ಬಲಕೊಟ್ಟಿದ್ದವು.

ಇದಕ್ಕೆ ವಿರುದ್ಧವಾದ ಸೂಚನೆಗಳು ಇರಲಿಲ್ಲವೆಂದಲ್ಲ. ಜರ್ಮನಿಯ ಆರ್ನಾಲ್ಡ್ ಬರ್ಟೋಲ್ಡ್ 1849ರಲ್ಲಿಯೇ ಹುಂಜಗಳ ವೃಷಣವನ್ನು ತೆಗೆದು, ಅದನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟು ನೋಡಿದ್ದರು. ಮೂಲ ನರಸಂಬಂಧ ಕಡಿದುಹೋಗಿದ್ದರೂ ಆ ಹುಂಜಗಳು ಜುಟ್ಟು ಬೆಳೆಸಿಕೊಂಡು, ಕೂಗಿ, ಕಾದಾಡುತ್ತಿದ್ದವು. ಆದರೆ ಈ ಪ್ರಯೋಗವನ್ನು ಹೆಚ್ಚಿನವರು ಮರೆತೇಬಿಟ್ಟಿದ್ದರು. 1889ರಲ್ಲಿ ವೃದ್ಧ ವಿಜ್ಞಾನಿ ಬ್ರೌನ್-ಸೆಕಾರ್ ಪ್ರಾಣಿಗಳ ವೃಷಣದ ಸಾರವನ್ನು ತಾವೇ ಚುಚ್ಚಿಕೊಂಡು ತಾರುಣ್ಯ ಮರಳಿತೆಂದು ಸಾರಿದರು. ಅದರಿಂದ ಈ ವಿಷಯಕ್ಕೆ ಪ್ರಚಾರ ದೊರೆಯಿತು, ಜೊತೆಗೆ ಅಪಹಾಸ್ಯವೂ ಅಂಟಿಕೊಂಡಿತು. 1894ರಲ್ಲಿ ಜಾರ್ಜ್ ಆಲಿವರ್ ಮತ್ತು ಶೇಫರ್ ಅಡ್ರಿನಲ್ ಗ್ರಂಥಿಯ ಸಾರ ರಕ್ತದೊತ್ತಡವನ್ನು ಏರಿಸುವುದೆಂದು ತೋರಿಸಿದ್ದರು. ಹೊರಗಿನಿಂದ ಚುಚ್ಚಿದ ಸಾರ ಪರಿಣಾಮ ಬೀರುವುದು ಬೇರೆ. ಜೀವಂತ ದೇಹ ಸಹಜ ಸ್ಥಿತಿಯಲ್ಲಿಯೇ ಇಂತಹ ವಸ್ತುವನ್ನು ಸಂದೇಶವಾಹಕವಾಗಿ ಕಳುಹಿಸುತ್ತದೆ ಎಂದು ಸಿದ್ಧಪಡಿಸುವುದು ಬೇರೆ. ಆ ಎರಡನೆಯ ಹೆಜ್ಜೆ ಬಾಕಿಯಿತ್ತು.

1902ರ ಪ್ರಯೋಗ

ಜಠರದಲ್ಲಿ ಅರ್ಧ ಜೀರ್ಣವಾದ ಆಹಾರ ಆಮ್ಲದೊಡನೆ ಬೆರೆತು ಸಣ್ಣಕರುಳಿನ ಮೊದಲ ಭಾಗವನ್ನು ಪ್ರವೇಶಿಸಿದೊಡನೆ ಮೇದೋಜೀರಕ ಗ್ರಂಥಿಯಿಂದ ರಸ ಹರಿಯತೊಡಗುತ್ತದೆ. ಈ ರಸ ಆಮ್ಲವನ್ನು ಶಮನಗೊಳಿಸುತ್ತದೆ. ಆಹಾರ ಬಂದಿದೆಯೆಂಬ ಸುದ್ದಿ ದೂರದ ಗ್ರಂಥಿಗೆ ತಿಳಿಯುವುದು ಹೇಗೆ? ನರಗಳ ಪ್ರತಿವರ್ತನೆಯಿಂದ ಎಂಬುದು ಪಾವ್ಲೊವ್ ಅವರ ಉತ್ತರ. ಫ್ರಾನ್ಸಿನ ವೆರ್ತೈಮರ್ ಮತ್ತು ಲೆಪಾಜ್ ಪ್ರಮುಖ ನರಗಳನ್ನು ಕತ್ತರಿಸಿದ ಮೇಲೂ ರಸ ಹರಿಯುವುದನ್ನು ಕಂಡಿದ್ದರು. ಆದರೂ ಅಲ್ಲಿಯೇ ಸಮೀಪದಲ್ಲಿ ಅಡಗಿರುವ ನರಗಂಟುಗಳು ಕಾರಣವಿರಬೇಕೆಂದು ಅವರು ಸಮಾಧಾನಪಟ್ಟುಕೊಂಡಿದ್ದರು. ಸತ್ಯ ಕಣ್ಣೆದುರಿಗಿದ್ದರೂ ರೂಢಿಯ ನಂಬಿಕೆ ಅದನ್ನು ಮರೆಮಾಡಿತ್ತು.

1902ರ ಜನವರಿ 16ರಂದು ಸ್ಟಾರ್ಲಿಂಗ್ ಮತ್ತು ಬೇಲಿಸ್ ಅರಿವಳಿಕೆ ಕೊಟ್ಟ ಒಂದು ನಾಯಿಯ ಮೇಲೆ ನಿರ್ಣಾಯಕ ಪ್ರಯೋಗ ನಡೆಸಿದರು. ಸಣ್ಣಕರುಳಿನ ಒಂದು ತುಂಡಿನ ಎರಡೂ ತುದಿಗಳನ್ನು ಕಟ್ಟಿದರು. ಅದಕ್ಕೆ ಬರುವ ನರಗಳನ್ನೆಲ್ಲ ಬಿಡಿಸಿ ಕತ್ತರಿಸಿದರು. ಆ ತುಂಡಿಗೂ ದೇಹದ ಉಳಿದ ಭಾಗಕ್ಕೂ ರಕ್ತನಾಳಗಳ ಸಂಬಂಧವೊಂದೇ ಉಳಿಯಿತು. ಅನಂತರ ಅದರೊಳಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿದರು. ಸುಮಾರು ಎರಡು ನಿಮಿಷಗಳಲ್ಲಿ ಮೇದೋಜೀರಕ ರಸದ ಹನಿಗಳು ಒಂದರ ಹಿಂದೊಂದು ಬೀಳತೊಡಗಿದವು. ನರವಿಲ್ಲದಿದ್ದರೂ ಸುದ್ದಿ ತಲುಪಿತ್ತು.

ಹಾಗಾದರೆ ಸುದ್ದಿಯನ್ನು ಒಯ್ದದ್ದು ರಕ್ತ. ಆದರೆ ಆಮ್ಲವನ್ನು ನೇರವಾಗಿ ರಕ್ತಕ್ಕೆ ಸೇರಿಸಿದರೆ ಗ್ರಂಥಿ ಪ್ರತಿಕ್ರಿಯಿಸುವುದಿಲ್ಲವೆಂಬುದು ಮೊದಲೇ ಗೊತ್ತಿತ್ತು. ಆದ್ದರಿಂದ ಆಮ್ಲದ ಸ್ಪರ್ಶದಿಂದ ಕರುಳಿನ ಲೋಳೆಪೊರೆಯಲ್ಲಿ ಯಾವುದೋ ವಸ್ತು ಹುಟ್ಟಿರಬೇಕು. ಸ್ಟಾರ್ಲಿಂಗ್ ತಡಮಾಡಲಿಲ್ಲ. ಕರುಳಿನ ಲೋಳೆಪೊರೆಯನ್ನು ಕೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ಆ ದ್ರವವನ್ನು ನಾಯಿಯ ಅಭಿಧಮನಿಗೆ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿಯೇ ರಸ ಮೊದಲಿಗಿಂತ ಹೆಚ್ಚಾಗಿ ಹರಿಯಿತು. ಅಂದು ಪ್ರಯೋಗಶಾಲೆಯಲ್ಲಿದ್ದ ಚಾರ್ಲ್ಸ್ ಮಾರ್ಟಿನ್ ಈ ಘಟನೆಯನ್ನು ಮುಂದೆ ಸ್ಮರಿಸಿಕೊಂಡಿದ್ದಾರೆ. ಕಂಡುಬಂದ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಅದು ಇಪ್ಪತ್ತೇಳು ಅಮೈನೋ ಆಮ್ಲಗಳ ಸರಪಳಿ ಎಂಬುದು ತಿಳಿದದ್ದು 1960ರ ದಶಕದಲ್ಲಿ, ಸ್ಟಾಕ್‌ಹೋಮ್‌ನ ವಿಜ್ಞಾನಿಗಳ ಪರಿಶ್ರಮದಿಂದ.

ಪಾವ್ಲೊವ್ ಅವರ ಪ್ರತಿಕ್ರಿಯೆ

ಲಂಡನ್ನಿನ ಸುದ್ದಿ ಸೇಂಟ್ ಪೀಟರ್ಸ್‌ಬರ್ಗ್ ತಲುಪಿದಾಗ ಪಾವ್ಲೊವ್ ಅವರ ಶಿಷ್ಯವರ್ಗದಲ್ಲಿ ಕಳವಳ ಉಂಟಾಯಿತು. ಪಾವ್ಲೊವ್ ತಮ್ಮ ಸಹಾಯಕರಿಂದ ಆ ಪ್ರಯೋಗವನ್ನು ಪುನಃ ಮಾಡಿಸಿ, ಮೌನವಾಗಿ ನಿಂತು ನೋಡಿದರು. ಫಲಿತಾಂಶ ಅದೇ ಬಂದಿತು. ಅವರು ತಮ್ಮ ಕೊಠಡಿಗೆ ಹೋಗಿ ಸುಮಾರು ಅರ್ಧ ಗಂಟೆಯ ಬಳಿಕ ಹೊರಬಂದು, ಲಂಡನ್ನಿನವರು ಹೇಳಿದ್ದೇ ಸರಿಯೆಂದೂ, ಸತ್ಯಶೋಧನೆಯ ಹಕ್ಕು ತಮ್ಮೊಬ್ಬರ ಸ್ವತ್ತಲ್ಲವೆಂದೂ ಒಪ್ಪಿಕೊಂಡರೆಂದು ಶಿಷ್ಯ ಬಾಬ್ಕಿನ್ ದಾಖಲಿಸಿದ್ದಾರೆ. 1904ರಲ್ಲಿ ಪಾವ್ಲೊವ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅವರ ಕೆಲಸವೂ ಹುಸಿಯಾಗಲಿಲ್ಲ. ಊಟದ ವಾಸನೆ, ರುಚಿಗಳಿಂದಲೇ ವೇಗಸ್ ನರದ ಮೂಲಕ ಜೀರ್ಣಗ್ರಂಥಿಗಳು ಎಚ್ಚರಗೊಳ್ಳುತ್ತವೆ. ಆಹಾರ ಕರುಳನ್ನು ಮುಟ್ಟಿದ ಮೇಲೆ ಸೆಕ್ರೆಟಿನ್ ಮೊದಲಾದ ಹಾರ್ಮೋನುಗಳ ಪಾತ್ರ ಹಿರಿದಾಗುತ್ತದೆ. ನರ, ಹಾರ್ಮೋನುಗಳೆರಡೂ ಒಂದೇ ಕಾರ್ಯದಲ್ಲಿ ಪಾಲುಗೊಳ್ಳುತ್ತವೆ ಎಂಬುದೇ ಕೊನೆಗೆ ಉಳಿದ ಸತ್ಯ.

ಕಂದು ನಾಯಿಯ ಪ್ರಕರಣ

ಈ ಜ್ಞಾನ ದೊರೆತದ್ದು ಪ್ರಾಣಿಗಳ ಜೀವದ ಬೆಲೆ ತೆತ್ತು. ಈ ವಿಷಯದಲ್ಲಿ ಸ್ಟಾರ್ಲಿಂಗ್ ತೀವ್ರ ಟೀಕೆಗೆ ಗುರಿಯಾದರು. 1902ರ ಡಿಸೆಂಬರ್‌ನಲ್ಲಿ ಅವರು ಒಂದು ಕಂದು ಬಣ್ಣದ ನಾಯಿಯ ಮೇದೋಜೀರಕ ನಾಳವನ್ನು ಕಟ್ಟಿದ್ದರು. 1903ರ ಫೆಬ್ರವರಿ 2ರಂದು ಅದರ ಹೊಟ್ಟೆಯನ್ನು ಮತ್ತೆ ತೆರೆದು ಪರೀಕ್ಷಿಸಿದ ಬಳಿಕ, ಜೊಲ್ಲುಗ್ರಂಥಿಯ ಬಗ್ಗೆ ವಿದ್ಯಾರ್ಥಿಗಳಿಗೆ ಪ್ರಾತ್ಯಕ್ಷಿಕೆ ನೀಡಲು ಅದೇ ನಾಯಿಯನ್ನು ಬೇಲಿಸ್ ಅವರಿಗೆ ಕೊಟ್ಟರು. ಅಲ್ಲಿದ್ದ ಲಿಜಿ ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟಾವ್ ಎಂಬ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿನಿಯರು, ನಾಯಿಗೆ ಸಾಕಷ್ಟು ಅರಿವಳಿಕೆ ಕೊಟ್ಟಿರಲಿಲ್ಲವೆಂದು ದೂರಿದರು. ಪ್ರಾಣಿ ಪ್ರಯೋಗ ವಿರೋಧಿ ಸಂಘದ ಸ್ಟೀಫನ್ ಕೋಲ್‌ರಿಜ್ ಇದನ್ನು ಸಾರ್ವಜನಿಕ ಸಭೆಯಲ್ಲಿ ಎತ್ತಿ ಆಡಿದರು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿದರು.

1903ರ ನವೆಂಬರ್‌ನಲ್ಲಿ ನಡೆದ ವಿಚಾರಣೆಯಲ್ಲಿ ಸ್ಟಾರ್ಲಿಂಗ್ ಸಾಕ್ಷಿ ನುಡಿದರು. ಒಂದೇ ಪ್ರಾಣಿಯನ್ನು ಎರಡು ಪ್ರಯೋಗಗಳಿಗೆ ಬಳಸಬಾರದೆಂದು 1876ರ ಕಾನೂನು ಹೇಳುತ್ತಿತ್ತು. ಇನ್ನೊಂದು ನಾಯಿಯನ್ನು ಬಲಿಗೊಡುವುದು ತಪ್ಪಲೆಂದು ತಾವು ಹೀಗೆ ಮಾಡಿದ್ದಾಗಿ ಅವರು ಒಪ್ಪಿಕೊಂಡರು. ನ್ಯಾಯಾಲಯ ಬೇಲಿಸ್ ಅವರ ಪರವಾಗಿ ತೀರ್ಪು ನೀಡಿ 2,000 ಪೌಂಡ್ ಪರಿಹಾರ ವಿಧಿಸಿತು. ಬೇಲಿಸ್ ಆ ಹಣವನ್ನು ಕಾಲೇಜಿನ ಸಂಶೋಧನೆಗೆ ಕೊಟ್ಟುಬಿಟ್ಟರು. ವಿವಾದ ಅಲ್ಲಿಗೆ ಮುಗಿಯಲಿಲ್ಲ. 1906ರಲ್ಲಿ ಬ್ಯಾಟರ್ಸಿಯಲ್ಲಿ ಆ ನಾಯಿಯ ಪ್ರತಿಮೆ ಎದ್ದಿತು. 1907ರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಗಲಭೆ ಮಾಡಿದರು. 1910ರಲ್ಲಿ ಪ್ರತಿಮೆಯನ್ನು ತೆಗೆಸಲಾಯಿತು. ಮೊಕದ್ದಮೆಯಲ್ಲಿ ವಿಜ್ಞಾನಿಗಳು ಗೆದ್ದರು. ಆದರೆ ಮನುಷ್ಯನ ರೋಗಶಮನಕ್ಕಾಗಿ ಮೂಕಪ್ರಾಣಿಯನ್ನು ಎಷ್ಟರ ಮಟ್ಟಿಗೆ ಬಳಸಬಹುದು ಎಂಬ ಪ್ರಶ್ನೆ ಅಂದು ಬಗೆಹರಿಯಲಿಲ್ಲ, ಇಂದೂ ಅದು ಜೀವಂತವಾಗಿದೆ.

ಹಾರ್ಮೋನು ಎಂಬ ಪದ

1905ರ ಜೂನ್ ತಿಂಗಳಿನಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆಯಲ್ಲಿ ಸ್ಟಾರ್ಲಿಂಗ್ ನಾಲ್ಕು ಕ್ರೂನಿಯನ್ ಉಪನ್ಯಾಸಗಳನ್ನು ನೀಡಿದರು. ದೇಹದ ಕಾರ್ಯಗಳಲ್ಲಿ ಕಾಣುವ ರಾಸಾಯನಿಕ ಹೊಂದಾಣಿಕೆ ಅವುಗಳ ವಿಷಯ. ಒಂದು ಅಂಗದಲ್ಲಿ ಹುಟ್ಟಿ, ರಕ್ತದಲ್ಲಿ ಸಾಗಿ, ದೂರದ ಇನ್ನೊಂದು ಅಂಗದ ಕೆಲಸವನ್ನು ಪ್ರಭಾವಿಸುವ ವಸ್ತುಗಳಿಗೆ ಒಂದು ಹೆಸರು ಬೇಕಾಗಿತ್ತು. ಕೇಂಬ್ರಿಡ್ಜ್‌ನ ಗೆಳೆಯರೊಡನೆ ಮಾತುಕತೆಯಾಡುವಾಗ ಗ್ರೀಕ್ ವಿದ್ವಾಂಸ ವಿಲಿಯಂ ವೆಸಿ ಅವರಿಂದ ಸೂಕ್ತ ಪದ ದೊರೆಯಿತೆಂದು ಹೇಳಲಾಗುತ್ತದೆ. ಪ್ರಚೋದಿಸು, ಎಬ್ಬಿಸು ಎಂಬ ಅರ್ಥದ ಗ್ರೀಕ್ ಕ್ರಿಯಾಪದದಿಂದ ಹಾರ್ಮೋನು ಎಂಬ ಶಬ್ದ ಬಂದಿದೆ. ಕನ್ನಡದಲ್ಲಿ ಬಳಕೆಯಲ್ಲಿರುವ ಚೋದಕ ಎಂಬ ಪದವೂ ಇದೇ ಅರ್ಥವನ್ನು ಹಿಡಿದುಕೊಡುತ್ತದೆ. ಕೆಲವು ಹಾರ್ಮೋನುಗಳು ಪ್ರಚೋದಿಸುವ ಬದಲು ತಡೆಯುತ್ತವೆ ಎಂಬುದು ಬಳಿಕ ತಿಳಿಯಿತು; ಆದರೂ ಹೆಸರು ಉಳಿಯಿತು.

ನರದ ಸಂದೇಶ ತಂತಿ ಸಮಾಚಾರವಿದ್ದಂತೆ: ಗೊತ್ತಾದ ದಾರಿಯಲ್ಲಿ, ಗೊತ್ತಾದ ವಿಳಾಸಕ್ಕೆ ಕ್ಷಣಾರ್ಧದಲ್ಲಿ ಮುಟ್ಟುತ್ತದೆ. ಹಾರ್ಮೋನಿನದು ಊರಿಗೆಲ್ಲ ಕೇಳುವಂತೆ ಸಾರಿದ ಡಂಗುರ. ಅದು ರಕ್ತದೊಡನೆ ಎಲ್ಲ ಅಂಗಗಳ ಬಳಿಗೂ ಹೋಗುತ್ತದೆ. ಆದರೆ ಅದನ್ನು ಗುರುತಿಸಬಲ್ಲ ಗ್ರಾಹಕಗಳಿರುವ ಕೋಶಗಳು ಮಾತ್ರ ಅದಕ್ಕೆ ಓಗೊಡುತ್ತವೆ. ಮೊದಲನೆಯದು ಕ್ಷಣದ ಕೆಲಸಕ್ಕೆ ಒದಗುತ್ತದೆ. ಎರಡನೆಯದರ ಪರಿಣಾಮ ಬೆಳವಣಿಗೆ, ಪ್ರಾಯ, ಬಸಿರುಗಳಂತೆ ತಿಂಗಳು, ವರ್ಷಗಳ ಕಾಲ ನಡೆಯಬಲ್ಲದು.

ಸಂತಾನೋತ್ಪತ್ತಿಯನ್ನು ಕುರಿತ ಅಧ್ಯಯನ

ಸಂತಾನೋತ್ಪತ್ತಿಯ ಅಂಗಗಳ ಹೊಂದಾಣಿಕೆಯನ್ನೂ ಸ್ಟಾರ್ಲಿಂಗ್ ಈ ಉಪನ್ಯಾಸಗಳಲ್ಲಿ ಚರ್ಚಿಸಿದರು. ಗರ್ಭಕೋಶದಲ್ಲಿ ಭ್ರೂಣ ನೆಲೆಸಿದರೆ ದೂರದ ಸ್ತನಗಳು ಬೆಳೆಯುವುದೇಕೆ? ಮಗು ಹುಟ್ಟಿದ ಮೇಲಷ್ಟೇ ಹಾಲು ಬರುವುದೇಕೆ? ಇಲ್ಲಿಯೂ ನರಗಳೇ ಕಾರಣವೆಂದು ಹಲವರು ಭಾವಿಸಿದ್ದರು. ಆದರೆ ಮಿದುಳುಬಳ್ಳಿ ಕಡಿದ ಹೆಣ್ಣುನಾಯಿಯೂ ಗರ್ಭ ಧರಿಸಿ ಮರಿ ಹಾಕಬಲ್ಲದೆಂದು ಜರ್ಮನಿಯ ಗೋಲ್ಟ್ಸ್ ತೋರಿಸಿದ್ದರು. ಗಿನಿ ಹಂದಿಯ ಕಿವಿಗೆ ಕಸಿ ಮಾಡಿದ ಸ್ತನ್ಯ ಗ್ರಂಥಿ ಹೆರಿಗೆಯಾದ ಮೇಲೆ ಹಾಲು ಸುರಿಸಿದ್ದನ್ನು ರಿಬರ್ಟ್ 1898ರಲ್ಲಿ ವರದಿ ಮಾಡಿದ್ದರು. ಕಿವಿಗೆ ಬಂದ ಗ್ರಂಥಿಗೆ ಬಸಿರಿನ ಸುದ್ದಿ ತಲುಪಬೇಕಾದರೆ ರಕ್ತವಲ್ಲದೆ ಬೇರೆ ದಾರಿಯಿರಲಿಲ್ಲ.

ಆ ಸಂದೇಶದ ಮೂಲವನ್ನು ಹುಡುಕಲು ಸ್ಟಾರ್ಲಿಂಗ್ ಜೊತೆಗೂಡಿದವರು ಜ್ಯಾನೆಟ್ ಲೇನ್-ಕ್ಲೇಪನ್ ಎಂಬ ತರುಣಿ. ಮಹಿಳೆಯರಿಗೆ ಪ್ರಯೋಗಶಾಲೆಯ ಬಾಗಿಲು ಸುಲಭವಾಗಿ ತೆರೆಯದಿದ್ದ ಕಾಲವದು. ಗರ್ಭ ಧರಿಸದ ಮೊಲಗಳಿಗೆ ಭ್ರೂಣಗಳ ಸಾರವನ್ನು ಚುಚ್ಚಿ, ಸ್ತನ್ಯ ಗ್ರಂಥಿಯ ನಾಳಗಳು ಬೆಳೆದದ್ದನ್ನು ಅವರಿಬ್ಬರು 1906ರಲ್ಲಿ ವರದಿ ಮಾಡಿದರು. ಭ್ರೂಣದಲ್ಲಿ ಹುಟ್ಟುವ ಹಾರ್ಮೋನು ಗ್ರಂಥಿಯನ್ನು ಬೆಳೆಸುತ್ತದೆ, ಜೊತೆಗೆ ಹಾಲು ಬರದಂತೆ ತಡೆಯುತ್ತದೆ. ಹೆರಿಗೆಯಾದೊಡನೆ ಆ ತಡೆ ತೊಲಗಿ ಹಾಲು ಬರುತ್ತದೆ ಎಂಬುದು ಅವರ ತೀರ್ಮಾನ.

ಮುಂದಿನ ಸಂಶೋಧನೆಗಳು ಈ ತೀರ್ಮಾನವನ್ನು ಭಾಗಶಃ ತಿದ್ದಿದವು. ಸಂದೇಶದ ಮುಖ್ಯ ಮೂಲ ಭ್ರೂಣವಲ್ಲ. ಅಂಡಾಶಯ ಮತ್ತು ಮಾಸಿನಿಂದ ಬರುವ ಈಸ್ಟ್ರೋಜೆನ್, ಪ್ರೊಜೆಸ್ಟರಾನ್‌ಗಳು, ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಮೊದಲಾದವು ಸ್ತನಗಳನ್ನು ಸಿದ್ಧಗೊಳಿಸುತ್ತವೆ. ಆದರೆ ತಡೆ ತೊಲಗಿದಾಗ ಹಾಲು ಬರುತ್ತದೆ ಎಂಬ ಅವರ ಊಹೆ ಸರಿಯಾದ ದಿಕ್ಕಿನಲ್ಲಿತ್ತು: ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಇಳಿಯುವುದೇ ಹಾಲು ಉತ್ಪತ್ತಿಯಾಗಲು ದಾರಿಮಾಡಿಕೊಡುತ್ತದೆ. ಲೇನ್-ಕ್ಲೇಪನ್ ಮುಂದೆ ಸಾರ್ವಜನಿಕ ಆರೋಗ್ಯ ಕ್ಷೇತ್ರಕ್ಕೆ ಬಂದು, 1926ರಲ್ಲಿ ಸ್ತನ ಕ್ಯಾನ್ಸರಿನ ಕಾರಣಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದ ಪ್ರಸಿದ್ಧರಾದರು.

ಹೃದಯದ ನಿಯಮ

1910ರ ಬಳಿಕ ಸ್ಟಾರ್ಲಿಂಗ್ ಹೃದಯದ ಕಡೆಗೆ ತಿರುಗಿದರು. ಪ್ರಾಣಿಯ ಹೃದಯ ಮತ್ತು ಶ್ವಾಸಕೋಶಗಳನ್ನು ಮಾತ್ರ ಜೀವಂತವಾಗಿ ಉಳಿಸಿಕೊಂಡು, ಉಳಿದ ರಕ್ತಪರಿಚಲನೆಯ ಬದಲು ಗಾಜು ಮತ್ತು ರಬ್ಬರಿನ ಕೊಳವೆಗಳನ್ನು ಜೋಡಿಸುವ ಸಲಕರಣೆಯನ್ನು ರೂಪಿಸಿದರು. ಹೃದಯಕ್ಕೆ ಬರುವ ರಕ್ತದ ಪ್ರಮಾಣವನ್ನೂ ಅದು ಎದುರಿಸಬೇಕಾದ ಒತ್ತಡವನ್ನೂ ಬೇಕಾದಂತೆ ಬದಲಾಯಿಸಲು ಇದರಿಂದ ಸಾಧ್ಯವಾಯಿತು. ಹೆಚ್ಚು ರಕ್ತ ಬಂದು ಹೃತ್ಕುಕ್ಷಿ ಹೆಚ್ಚು ಹಿಗ್ಗಿದಷ್ಟೂ, ಒಂದು ಮಿತಿಯವರೆಗೆ, ಅದು ಹೆಚ್ಚು ಬಲದಿಂದ ಕುಗ್ಗುತ್ತದೆ. ಬಂದಷ್ಟನ್ನೂ ಹೊರಕ್ಕೆ ದಬ್ಬುತ್ತದೆ. ಇದಕ್ಕೆ ನರದ ಆಜ್ಞೆಯಾಗಲಿ ಹಾರ್ಮೋನಾಗಲಿ ಬೇಕಿಲ್ಲ. ಸ್ನಾಯುವಿನ ಎಳೆಗಳಲ್ಲಿಯೇ ಈ ಗುಣವಿದೆ. ಜರ್ಮನಿಯ ಆಟೊ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದಲ್ಲಿ ಇದಕ್ಕೆ ಹತ್ತಿರವಾದ ಅಂಶಗಳನ್ನು ಗಮನಿಸಿದ್ದರಿಂದ ಇದು ಫ್ರಾಂಕ್–ಸ್ಟಾರ್ಲಿಂಗ್ ನಿಯಮವೆಂದು ಹೆಸರಾಗಿದೆ. 1915ರ ಲಿನಾಕರ್ ಉಪನ್ಯಾಸದಲ್ಲಿ ಸ್ಟಾರ್ಲಿಂಗ್ ಈ ನಿಯಮವನ್ನು ವಿವರಿಸಿದರು.

ಇದೇ ಸಲಕರಣೆಯಿಂದ ಮಧುಮೇಹದ ರಹಸ್ಯವನ್ನೂ ಭೇದಿಸಲು ಅವರು ಯತ್ನಿಸಿದ್ದುಂಟು. ಮಧುಮೇಹ ಉಂಟುಮಾಡಿದ ನಾಯಿಯ ಹೃದಯ ಸಕ್ಕರೆಯನ್ನು ಬಳಸಲಾರದೆಂದೂ, ಮೇದೋಜೀರಕ ಗ್ರಂಥಿಯ ಸಾರ ಕೊಟ್ಟರೆ ಬಳಸುವುದೆಂದೂ 1912ರಲ್ಲಿ ನೋಲ್ಟನ್ ಅವರೊಡನೆ ಪ್ರಕಟಿಸಿದರು. ಇನ್ಸುಲಿನ್ ಕೈಗೆಟುಕುವಷ್ಟು ಸಮೀಪ ಬಂದಂತೆ ತೋರಿತು. ಆದರೆ ಮರುವರ್ಷ ಹೆಚ್ಚು ಎಚ್ಚರಿಕೆಯಿಂದ ಪರೀಕ್ಷಿಸಿದಾಗ ಆ ಫಲಿತಾಂಶ ನಿಲ್ಲಲಿಲ್ಲ. ಸ್ಟಾರ್ಲಿಂಗ್ ಪ್ಯಾಟರ್ಸನ್ ಅವರೊಡನೆ ತಮ್ಮ ತಪ್ಪನ್ನು ತಾವೇ ಪ್ರಕಟಿಸಿ ತಿದ್ದಿಕೊಂಡರು. ಇನ್ಸುಲಿನ್ ದೊರೆತದ್ದು 1921ರಲ್ಲಿ, ಕೆನಡದ ಟೊರಾಂಟೊದಲ್ಲಿ.

ಮಹಾಯುದ್ಧದ ವರ್ಷಗಳು

ಒಂದನೆಯ ಮಹಾಯುದ್ಧ ಸ್ಟಾರ್ಲಿಂಗ್ ಅವರ ಮನಸ್ಸಿಗೆ ಆಳವಾದ ಪೆಟ್ಟು ಕೊಟ್ಟಿತು. ಅವರಿಗೆ ವಿದ್ಯೆ ಕೊಟ್ಟ ನಾಡೇ ಈಗ ಶತ್ರುದೇಶವಾಗಿತ್ತು. ಸೇನೆಯ ವೈದ್ಯಕೀಯ ವಿಭಾಗವನ್ನು ಸೇರಿ ವಿಷಾನಿಲದಿಂದ ಸೈನಿಕರನ್ನು ರಕ್ಷಿಸುವ ಉಪಾಯಗಳ ಬಗ್ಗೆ ಸಂಶೋಧನೆ ನಡೆಸಿದರು; ಸಲೋನಿಕದಲ್ಲಿಯೂ ಸೇವೆ ಸಲ್ಲಿಸಿದರು. ಸೇನಾಧಿಕಾರಿಗಳ ಅಜ್ಞಾನ, ಆಲಸ್ಯಗಳನ್ನು ಕಂಡು ಸುಮ್ಮನಿರುವುದು ಅವರ ಜಾಯಮಾನವಾಗಿರಲಿಲ್ಲ. ಅವರ ನಿಷ್ಠುರ ಮಾತುಗಳು ಅಧಿಕಾರದಲ್ಲಿದ್ದವರಿಗೆ ರುಚಿಸಲಿಲ್ಲ. 1917ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ರಾಯಲ್ ಸೊಸೈಟಿಯ ಯುದ್ಧಕಾಲದ ಆಹಾರ ಸಮಿತಿಯ ಅಧ್ಯಕ್ಷರಾಗಿ, ಆಹಾರ ಸಚಿವಾಲಯದ ಸಲಹೆಗಾರರಾಗಿ ದುಡಿದರು. ಯುದ್ಧ ಮುಗಿದೊಡನೆ 1919ರಲ್ಲಿ ಜರ್ಮನಿಗೆ ಹೋಗಿ ಅಲ್ಲಿನ ಜನರ ಆಹಾರದ ಸ್ಥಿತಿಗತಿಯನ್ನು ಪರಿಶೀಲಿಸಿ ವರದಿ ಸಲ್ಲಿಸಿದರು.

ಕೊನೆಯ ವರ್ಷಗಳು

1920ರಲ್ಲಿ ಸ್ಟಾರ್ಲಿಂಗ್ ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಇರುವುದು ತಿಳಿದು ಶಸ್ತ್ರಚಿಕಿತ್ಸೆಯಾಯಿತು. ಆರೋಗ್ಯ ಪೂರ್ತಿ ಮರಳಲಿಲ್ಲ, ಕೆಲಸ ನಿಲ್ಲಲಿಲ್ಲ. ಜೋಡ್ರೆಲ್ ಪೀಠವನ್ನು ತೊರೆದು ರಾಯಲ್ ಸೊಸೈಟಿಯ ಫೌಲರ್ಟನ್ ಸಂಶೋಧನ ಪ್ರಾಧ್ಯಾಪಕರಾದರು. 1923ರಲ್ಲಿ ನೀಡಿದ ಹಾರ್ವೆ ಸ್ಮಾರಕ ಉಪನ್ಯಾಸಕ್ಕೆ ಅವರು ಇಟ್ಟ ಹೆಸರಿನ ಅರ್ಥ ದೇಹದ ವಿವೇಕ ಎಂದು. ಅಮೆರಿಕದ ವಾಲ್ಟರ್ ಕ್ಯಾನನ್ ಇದೇ ಶೀರ್ಷಿಕೆಯನ್ನು 1932ರಲ್ಲಿ ತಮ್ಮ ಪ್ರಸಿದ್ಧ ಗ್ರಂಥಕ್ಕೆ ಬಳಸಿಕೊಂಡರು.

ಅರ್ನೆಸ್ಟ್ ಬೇಸಿಲ್ ವರ್ನಿ ಅವರೊಡನೆ ದೇಹದಿಂದ ಬೇರ್ಪಡಿಸಿದ ಮೂತ್ರಪಿಂಡದ ಮೇಲೆ ನಡೆಸಿದ ಪ್ರಯೋಗಗಳು ಈ ಕಾಲದ ಮುಖ್ಯ ಸಾಧನೆ. ಬೇರ್ಪಟ್ಟ ಮೂತ್ರಪಿಂಡ ತೆಳುವಾದ ಮೂತ್ರವನ್ನು ಹೇರಳವಾಗಿ ಸ್ರವಿಸುತ್ತದೆ. ಪಿಟ್ಯುಟರಿಯ ಸಾರ ಬೆರೆಸಿದರೆ ಸ್ರಾವ ಇಳಿಯುತ್ತದೆ. ಮಿದುಳಿನ ಬುಡದ ಆ ಪುಟ್ಟ ಗ್ರಂಥಿ ದೂರದಿಂದಲೇ ದೇಹದ ನೀರನ್ನು ಕಾಯುತ್ತಿದೆ ಎಂಬುದಕ್ಕೆ ಇದು ನಿದರ್ಶನವಾಯಿತು.

1924ರಲ್ಲಿ ಬೇಲಿಸ್ ತೀರಿಕೊಂಡರು. 1927ರ ವಸಂತದಲ್ಲಿ ವಿಶ್ರಾಂತಿಗಾಗಿ ವೆಸ್ಟ್ ಇಂಡೀಸ್ ಕಡೆಗೆ ಹಡಗಿನಲ್ಲಿ ಒಬ್ಬರೇ ಹೊರಟ ಸ್ಟಾರ್ಲಿಂಗ್, ಹಡಗು ಜಮೈಕದ ಕಿಂಗ್‌ಸ್ಟನ್ ಬಂದರನ್ನು ತಲುಪುವ ವೇಳೆಗೆ, ಮೇ 2ರಂದು ನಿಧನರಾದರು. ಆಗ ಅವರಿಗೆ ಅರವತ್ತೊಂದು ವರ್ಷ. ಅಂತ್ಯಕ್ರಿಯೆ ಜಮೈಕದಲ್ಲಿಯೇ ನಡೆಯಿತು.

ಗೌರವಗಳು

1907ರಲ್ಲಿ ಬಾಲಿ ಪದಕ, 1913ರಲ್ಲಿ ರಾಯಲ್ ಪದಕ ಸ್ಟಾರ್ಲಿಂಗ್ ಅವರಿಗೆ ಸಂದವು. 1912ರಲ್ಲಿ ಪ್ರಕಟವಾದ ಮಾನವ ಅಂಗಕ್ರಿಯಾ ವಿಜ್ಞಾನದ ಬೃಹತ್ ಪಠ್ಯಗ್ರಂಥ ಹಲವು ಆವೃತ್ತಿಗಳನ್ನು ಕಂಡಿತು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಗಿತ್ತು, ಆದರೆ ಬರಲಿಲ್ಲ. ಬೇಲಿಸ್ ಅವರಿಗೆ 1922ರಲ್ಲಿ ದೊರೆತ ಸರ್ ಪದವಿಯೂ ಅವರ ಪಾಲಿಗೆ ಒದಗಲಿಲ್ಲ. ಯುದ್ಧಕಾಲದಲ್ಲಿ ಸರ್ಕಾರವನ್ನೂ ಸೇನಾನಿಗಳನ್ನೂ ಟೀಕಿಸಿದ್ದೇ ಇದಕ್ಕೆ ಕಾರಣವೆಂಬುದು ಹಲವರ ಅಭಿಪ್ರಾಯ.

ಪ್ರಭಾವ

ಸ್ಟಾರ್ಲಿಂಗ್ ಅವರ ಕಾಲದಲ್ಲಿ ನರಗಳ ಆಳ್ವಿಕೆಗೂ ಹಾರ್ಮೋನುಗಳ ಆಳ್ವಿಕೆಗೂ ನಡುವೆ ಎಳೆದಿದ್ದ ಗೆರೆ ಇಂದು ಅಷ್ಟು ಸ್ಪಷ್ಟವಾಗಿಲ್ಲ. ನರಕೋಶದ ತುದಿಯಿಂದ ಮುಂದಿನ ಕೋಶಕ್ಕೆ ಸುದ್ದಿ ದಾಟುವುದೂ ಬಹುಮಟ್ಟಿಗೆ ರಾಸಾಯನಿಕಗಳಿಂದಲೇ ಎಂಬುದನ್ನು ಆಟೊ ಲೋವಿ ಮತ್ತು ಹೆನ್ರಿ ಡೇಲ್ ತೋರಿಸಿ 1936ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈ ಡೇಲ್, 1903ರಲ್ಲಿ ಸ್ಟಾರ್ಲಿಂಗ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರೇ. ಮಿದುಳಿನ ಹೈಪೋಥಲಮಸ್‌ನ ನರಕೋಶಗಳು ಸ್ವತಃ ಹಾರ್ಮೋನುಗಳನ್ನು ಸ್ರವಿಸಿ ಪಿಟ್ಯುಟರಿಯನ್ನು ನಡೆಸುತ್ತವೆ. ಪಿಟ್ಯುಟರಿ ಅಂಡಾಶಯ, ವೃಷಣ, ಥೈರಾಯ್ಡ್, ಅಡ್ರಿನಲ್‌ಗಳನ್ನು ನಡೆಸುತ್ತದೆ. ಆ ಗ್ರಂಥಿಗಳ ಹಾರ್ಮೋನುಗಳು ಮರಳಿ ಮಿದುಳಿಗೆ ಸುದ್ದಿ ಮುಟ್ಟಿಸಿ ಸ್ರಾವವನ್ನು ಹದದಲ್ಲಿಡುತ್ತವೆ. ಹೆಣ್ಣಿನ ಋತುಚಕ್ರ ನಡೆಯುವುದು ಈ ಕೊಡುಕೊಳೆಯಿಂದಲೇ.

ಸ್ಟಾರ್ಲಿಂಗ್ ಬಿಡಿಸಲು ಹೊರಟ ತಾಯಿಹಾಲಿನ ಒಗಟಿನಲ್ಲಿಯೂ ಈ ಕೂಡುಬಾಳು ಕಾಣುತ್ತದೆ. ಮಗು ಮೊಲೆ ಚೀಪಿದೊಡನೆ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಬಂದು ಹಾಲನ್ನು ಹೊರಕ್ಕೆ ಚಿಮ್ಮಿಸುತ್ತದೆ. ಹೋಗುವ ದಾರಿ ನರದ್ದು, ಬರುವ ದಾರಿ ರಕ್ತದ್ದು. ಈ ಎರಡನೆಯ ದಾರಿ ಇದೆಯೆಂದು 1902ರ ಜನವರಿಯ ಆ ದಿನ ಕೆಲವು ಹನಿಗಳ ಮೂಲಕ ಖಚಿತವಾಯಿತು. ಮಧುಮೇಹಿಗೆ ಇನ್ಸುಲಿನ್, ಥೈರಾಯ್ಡ್ ಕೊರತೆಯವರಿಗೆ ಮಾತ್ರೆ, ಬಂಜೆತನಕ್ಕೆ ಚಿಕಿತ್ಸೆ, ಗರ್ಭನಿರೋಧಕ ಗುಳಿಗೆ, ಇವೆಲ್ಲ ಆ ದಾರಿಯನ್ನೇ ಬಳಸಿಕೊಂಡು ಇಂದು ಜನರನ್ನು ತಲುಪುತ್ತಿವೆ.